ಮುಚ್ಚಳ ತೆಗೆಯದೆ ಮಾಡಿದ ಸಹಿ

ಜಮಖಂಡಿಯಲ್ಲಿ ಕಂಪ್ಯೂಟರ್ ದುರಸ್ತಿ ಕಲಿಸುವ ಒಂದು ತರಬೇತಿ ಕೇಂದ್ರದವರು ಹೋದ ತಿಂಗಳು ಮನೆಗೆ ಬಂದಿದ್ದರು. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾಲ್ಕು ಮಾತು ಹೇಳಬೇಕು, ಒಂದು ಶಾಲು ಹೊದಿಸುತ್ತೇವೆ ಎಂದರು. ಶಾಲು ಬೇಡ, ಹೊದೆಯಲು ಮನೆಯಲ್ಲಿ ಕೌದಿ ಇದೆ ಎಂದೆ. ನಿಂತು ಭಾಷಣ ಮಾಡುವ ತ್ರಾಣ ನನ್ನ ಸೊಂಟಕ್ಕಿಲ್ಲ. ಕುಳಿತು ಬರೆಯಬಲ್ಲೆ, ಅದೂ ಬೆಳಿಗ್ಗೆ ಒಂದು ತಾಸು. ಆ ಒಂದೊಂದು ತಾಸಿನಲ್ಲಿ ಬರೆದದ್ದು ಇದು.

ನನ್ನ ಹೆಸರು ಈರಪ್ಪ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂದು ತಿರುಗಾಡಿ ಇಪ್ಪತ್ತೆಂಟು ವರ್ಷ ಕಂಪ್ಯೂಟರ್‌ಗಳ ಧೂಳು ತೆಗೆದೆ. ಗುರುತಿನ ಚೀಟಿಯ ಮೇಲೆ ‘ಸರ್ವಿಸ್ ಇಂಜಿನಿಯರ್’ ಎಂದು ಅಚ್ಚು ಹಾಕಿಸಿಕೊಟ್ಟಿದ್ದರು. ಜನ ಕರೆಯುತ್ತಿದ್ದದ್ದು ಮಾತ್ರ ಧೂಳಪ್ಪ ಎಂದು. ನಮ್ಮ ಕಡೆ ಆ ಹೆಸರಿನವರು ಊರಿಗೆ ನಾಲ್ಕು ಮಂದಿ ಇರುತ್ತಾರೆ, ಆದ್ದರಿಂದ ಸಿಟ್ಟು ಬರಲಿಲ್ಲ. ಕೆಲವು ಕಚೇರಿಯವರಿಗೆ ಇವತ್ತಿಗೂ ನನ್ನ ಖರೆ ಹೆಸರು ಗೊತ್ತಿಲ್ಲ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಕಂಪ್ಯೂಟರಿನ ಡಬ್ಬಿಯೊಳಗೆ ಲೆಕ್ಕ ಮಾಡುವ ಒಂದು ಸಣ್ಣ ಚಿಪ್ಪು ಇರುತ್ತದೆ. ದುಡಿದಷ್ಟೂ ಅದು ಕಾಯುತ್ತದೆ. ಅದರ ತಲೆಯ ಮೇಲೆ ತೆಳು ಅಲ್ಯೂಮಿನಿಯಂ ಪಟ್ಟಿಗಳ ಒಂದು ಗಡ್ಡೆ, ಅದರ ಮೇಲೆ ಅಂಗೈಯಗಲದ ಫ್ಯಾನು. ಪಟ್ಟಿಗಳು ಕಾವು ಎಳೆದುಕೊಳ್ಳುತ್ತವೆ, ಫ್ಯಾನು ಗಾಳಿ ಬೀಸಿ ಅದನ್ನು ಹೊರಗಟ್ಟುತ್ತದೆ. ಆದರೆ ಫ್ಯಾನು ಗಾಳಿಯೊಂದನ್ನೇ ಎಳೆಯುವುದಿಲ್ಲ, ಊರಿನ ಧೂಳನ್ನೂ ಎಳೆಯುತ್ತದೆ. ಪಟ್ಟಿಗಳ ಸಂದಿಯಲ್ಲಿ ಧೂಳು ಗಿಡಿದು ಕೂತರೆ ಗಾಳಿಗೆ ದಾರಿಯಿಲ್ಲ. ಮೊದಲು ಮಿಷಿನ್ ನಿಧಾನವಾಗುತ್ತದೆ, ಆಮೇಲೆ ತಾನಾಗಿ ಆರಿ ಹೋಗುತ್ತದೆ, ಒಂದು ದಿನ ಎಬ್ಬಿಸಿದರೂ ಏಳುವುದಿಲ್ಲ. ಅದಕ್ಕೆ ಮೂರು ತಿಂಗಳಿಗೊಮ್ಮೆ ಬಿಚ್ಚಿ ಧೂಳು ತೆಗೆಯಬೇಕು. ನನ್ನ ಕೆಲಸ ಇಷ್ಟೇ. ಇಷ್ಟನ್ನೇ ಒಂದು ಕಡೆ ಮಾಡದೆ, ಮಾಡಿದ್ದೇನೆ ಎಂದು ಸಹಿ ಹಾಕಿದೆ. ಆ ಸಹಿಯಿಂದ ಬೀಳಗಿಯಲ್ಲಿ ಒಬ್ಬ ಹೆಣ್ಣುಮಗಳ ನೌಕರಿ ಹೋಯಿತು. ಅದನ್ನು ಬರೆಯಬೇಕೆಂದೇ ಕೂತಿದ್ದೇನೆ. ನೇರ ಅಲ್ಲಿಗೇ ಹೋಗಲು ಕೈ ಬರುತ್ತಿಲ್ಲ, ಹೀಗಾಗಿ ಮೊದಲು ಬೇರೆ ಕೆಲವು ಸಂಗತಿ.

ನನಗೆ ಕೆಲಸ ಕಲಿಸಿದವರು ಪತ್ತಾರ ಮಾಸ್ತರರು. ಸಾಲಿ ಮಾಸ್ತರರಲ್ಲ, ರೇಡಿಯೊ ರಿಪೇರಿಯಿಂದ ಟಿವಿಗೆ, ಟಿವಿಯಿಂದ ಕಂಪ್ಯೂಟರಿಗೆ ಬಂದವರು. ಜಮಖಂಡಿಯ ಅಂಗಡಿ ಅವರದೇ. ಸುತ್ತಲಿನ ಕಚೇರಿ, ಕಾಲೇಜು, ಅಡತಿ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವ ಗುತ್ತಿಗೆ ಹಿಡಿದಿದ್ದರು. ಪಾಠ ಎಂದು ಅವರು ಕೂರಿಸಿ ಹೇಳಿದ್ದು ಬಹಳ ಕಡಿಮೆ. “ಮೊದಲ ಮೂಸು, ಆಮ್ಯಾಲ ಕೇಳು, ಕಡೀಕ ಕೈ ಹಚ್ಚು” ಎನ್ನುತ್ತಿದ್ದರು. ಕಾದ ಮಿಷಿನ್ನಿಗೆ ಒಂದು ವಾಸನೆ ಇರುತ್ತದೆ, ಎಣ್ಣೆ ಒಣಗಿದ ಫ್ಯಾನಿಗೆ ಒಂದು ಕೂಗು ಇರುತ್ತದೆ. ಕೂಸಿಗೆ ಜ್ವರ ಬಂದರೆ ತಾಯಿ ನೋಡುವ ಹಾಗೆ ಮುಂಗೈ ಹೊರಳಿಸಿ ಡಬ್ಬಿಯ ಬೆನ್ನಿಗೆ ಹಿಡಿಯಬೇಕು. ಹೊರಬರುವ ಗಾಳಿ ಬಿಸಿ ಇದ್ದರೆ ಚಿಂತೆಯಿಲ್ಲ, ಗಾಳಿಯೇ ಬರದಿದ್ದರೆ ಚಿಂತೆ.

ಅವರದೊಂದು ಪದ್ಧತಿ ಇತ್ತು. ಪ್ರತಿ ಮಿಷಿನ್ನಿಗೂ ಒಂದು ರಟ್ಟಿನ ಕಾರ್ಡು. ಧೂಳು ತೆಗೆದ ದಿನ ತಾರೀಖು ಬರೆದು ಸಹಿ ಮಾಡಬೇಕು. ಬೇರೆ ಅಂಗಡಿಯವರು ಆ ಕಾರ್ಡನ್ನು ಡಬ್ಬಿಯ ಹೊರಗೆ ಅಂಟಿಸುತ್ತಿದ್ದರು. ಪತ್ತಾರ ಮಾಸ್ತರರು ಮುಚ್ಚಳದ ಒಳಮೈಗೆ ಅಂಟಿಸುತ್ತಿದ್ದರು. ಒಳಗೆ ಅಂಟಿಸಿದರೆ ಗಿರಾಕಿಗೆ ಹೇಗೆ ಕಾಣಬೇಕು ಎಂದು ಒಮ್ಮೆ ಕೇಳಿದೆ.

“ಗಿರಾಕಿಗೆ ಕಾಣೂದು ಬ್ಯಾಡಲೇ. ನಿನಗ ಕಾಣಬೇಕು. ಸ್ಕ್ರೂ ಬಿಚ್ಚದ ಸಹಿ ಮಾಡಾಕ ಬರಬಾರ್ದು, ಅದಕ” ಎಂದರು.

ಆಗ ನನಗೆ ಅದು ಮುದುಕರ ಸಂಶಯದ ಹಾಗೆ ಕಂಡಿತು.

ಮುಚ್ಚಳ ತೆಗೆದರೆ ಊರು ಗೊತ್ತಾಗುತ್ತಿತ್ತು. ಕಣ್ಣು ಕಟ್ಟಿ ಬಿಟ್ಟಿದ್ದರೂ ಬೆರಳಿನಿಂದ ಮುಟ್ಟಿ ಹೇಳುತ್ತಿದ್ದೆ. ಮುಧೋಳದ ಕಡೆ ಕಬ್ಬು ನುರಿಸುವ ಕಾಲದಲ್ಲಿ ಸಿಪ್ಪೆಯ ಪುಡಿ ಮತ್ತು ಚಿಮಣಿಯ ಕರಿ ಬೂದಿ, ಉಗುರಿನ ಸಂದಿಯಿಂದ ಎರಡು ದಿನ ಹೋಗುತ್ತಿರಲಿಲ್ಲ. ಮಹಾಲಿಂಗಪುರದ ಬೆಲ್ಲದ ಅಡತಿಯಲ್ಲಿ ಧೂಳೂ ಅಂಟು. ಬ್ರಷ್ಷಿಗೆ ಬಗ್ಗದು, ಕಡ್ಡಿಯಿಂದ ಕೆರೆಯಬೇಕು, ಕೆರೆಯುವಾಗ ಇರುವೆ ಕೈ ಹತ್ತುತ್ತವೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ನೂಲಿನ ಜುಂಗು. ಬೀಳಗಿಯದು ಸಾದಾ ಮಣ್ಣಿನ ಧೂಳು, ಹಿಟ್ಟಿನಷ್ಟು ಸಣ್ಣ, ಎಲ್ಲಿ ಹೋಗಬಾರದೋ ಅಲ್ಲಿಗೂ ಹೋಗುವಂಥದ್ದು.

ಬನಹಟ್ಟಿಯ ಗುರುಸಿದ್ದಪ್ಪ ಎಂಬ ನೇಕಾರರು ಸೀರೆಯ ಸೆರಗಿನ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬರೆಯುವುದು ಕಲಿತಿದ್ದರು. ಐವತ್ತು ದಾಟಿದ ಮೇಲೆ ಕಲಿತದ್ದು, ಆದ್ದರಿಂದ ಆ ಮಿಷಿನ್ ಮೇಲೆ ಹೊಸ ಅಳಿಯನ ಮೇಲಿನಷ್ಟು ಪ್ರೀತಿ. ತಾಸಿಗೊಮ್ಮೆ ಆರಿ ಹೋಗುತ್ತದೆ ಎಂದು ಕರೆಸಿದರು. ಹೋಗಿ ನೋಡಿದರೆ ಡಬ್ಬಿಗೆ ನಾಲ್ಕು ಮಡಿಕೆಯ ದಟ್ಟಿ ಹೊದಿಸಿಟ್ಟಿದ್ದಾರೆ. ಒಳಗೆ ಮಿಷಿನ್ ಚಾಲೂ ಇದೆ.

“ಇದೇನ್ರಿ ಯಜಮಾನ್ರ, ಇದಕ್ಕೇನ ಥಂಡಿ ಹತ್ತೈತೇನ್ರಿ?”

“ಧೂಳ ಹೋಗಬಾರ್ದು ಅಂತ ಹೊಚ್ಚೇನ್ರಿ. ಮಗ್ಗದ ಮನಿ, ಜುಂಗ ಹಾರ್ತಾವು.”

“ಉಸಿರ ಹ್ಯಾಂಗ ಆಡಬೇಕ್ರಿ ಅದು?”

ದಟ್ಟಿ ತೆಗೆದು, ಮುಚ್ಚಳ ಬಿಚ್ಚಿ, ಫ್ಯಾನು ಎತ್ತಿದೆ. ಪಟ್ಟಿಗಳ ಮೇಲೆ ಕೂತಿದ್ದ ಜುಂಗು ಕಂಬಳಿಯ ತುಂಡಿನ ಹಾಗೆ ಇಡಿಯಾಗಿ ಎದ್ದು ಬಂತು. ಕೆಂಪು, ಹಸಿರು, ಒಂದಿಷ್ಟು ಜರಿ. ಗುರುಸಿದ್ದಪ್ಪನವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಇದು ಹೋದ ವರ್ಷ ನೇದ ಸೀರಿದು, ಇದು ಅದಕ್ಕೂ ಮೊದಲಿಂದು. ನಾ ಮರೆತರೂ ಇದು ಮರೆತಿಲ್ಲ ನೋಡ್ರಿ” ಎಂದು ನಕ್ಕರು. ಪದರ ಪದರವಾಗಿ ಕಾಲ ಅದರಲ್ಲಿ ಕೂತಿತ್ತು, ಕೆಳಗೆ ಹಳೆಯದು, ಮೇಲೆ ಹೊಸದು. ಧೂಳನ್ನು ಹೀಗೆ ಓದಬಹುದು ಎಂದು ನನಗೆ ತೋರಿಸಿದವರು ಅವರು. ಮುಂದೆ ಅದು ನನಗೇ ತಿರುಗಿ ಬರುತ್ತದೆ ಎಂದು ಅವತ್ತು ತಿಳಿಯಲಿಲ್ಲ.

ಇನ್ನೊಂದು ನನ್ನ ಫಜೀತಿ. ಆಗ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು, ಎಲ್ಲ ಗೊತ್ತಿದೆ ಎನ್ನಿಸುವ ಕಾಲ. ಮುಧೋಳದ ಕಡೆ ಕಬ್ಬಿನ ಗಾಡಿ ತೂಗುವ ಒಂದು ಕಾಟಾದ ಮನೆಗೆ ಹೋಗಿದ್ದೆ. ಬ್ರಷ್ಷಿನಿಂದ ಕೆರೆಯುತ್ತ ಕೂರಲು ಬೇಸರ. ಪಕ್ಕದಲ್ಲಿ ಟ್ರ್ಯಾಕ್ಟರ್ ಗಾಲಿಗೆ ಗಾಳಿ ತುಂಬುವ ಕಂಪ್ರೆಸರ್ ಇತ್ತು, ಅದರ ಪೈಪು ತಂದು ಒಳಗೆ ಬಿಟ್ಟೆ. ಫ್ಯಾನು ಹುಚ್ಚು ಹಿಡಿದಂತೆ ತಿರುಗಿ ಒಂದು ರೆಕ್ಕೆ ಮುರಿದು ನನ್ನ ಗಲ್ಲಕ್ಕೇ ಬಡಿಯಿತು. ಅದಕ್ಕಿಂತ ಕೆಟ್ಟದ್ದು ಪೈಪಿನಲ್ಲಿ ನಿಂತಿದ್ದ ನೀರು. ಪಿಚಕ್ಕನೆ ಬೋರ್ಡಿನ ಮೇಲೆ ಬಿತ್ತು. ಕಾಟಾ ನಿಂತಿತು. ಹೊರಗೆ ಕಬ್ಬಿನ ಗಾಡಿಗಳ ಸಾಲು ರಸ್ತೆಗೆ ಹೋಗಿ ಮುಟ್ಟಿತು. ಕಬ್ಬು ಬಿಸಿಲಿಗೆ ಒಣಗುತ್ತಿದೆ, ರೈತರು ಕಿಡಕಿಯಿಂದ ಇಣುಕಿ ನನ್ನ ಮುಖ ನೋಡಿ ಹೋಗುತ್ತಿದ್ದಾರೆ.

ಪತ್ತಾರ ಮಾಸ್ತರರು ಲೂನಾದ ಹಿಂದೆ ಇನ್ನೊಂದು ಮಿಷಿನ್ ಕಟ್ಟಿಕೊಂಡು ಬಂದರು. ಬೋರ್ಡು ನೋಡಿದರು, ಮುರಿದ ರೆಕ್ಕೆ ನೋಡಿದರು.

“ಗಾಳಿ ಹೊಡಿಯೂ ಮುಂದ ಫ್ಯಾನಿಗೆ ಬಟ್ಟ ಇಟ್ಟ ಹಿಡೀಬೇಕು ಅಂತ ಹೇಳಿದ್ದೆ ಇಲ್ಲೋ?”

“ಹೇಳಿದ್ರಿ.”

“ಬಟ್ಟ ಎಲ್ಲಿತ್ತು?”

ನನ್ನ ಹತ್ತೂ ಬೆರಳು ಪೈಪಿನ ಮೇಲಿದ್ದವು. ಕಾಟಾದ ಮುಖ್ಯಸ್ಥರು ಬಾಗಿಲಿಗೆ ಬಂದು ಏನಾಯಿತು ಎಂದು ಕೇಳಿದರು. ಮಾಸ್ತರರು ನನ್ನ ಕಡೆ ತಿರುಗಿ “ನೀನ ಹೇಳು” ಎಂದರು. ನಾನು ಹೇಳಿದೆ, ನನ್ನ ತಪ್ಪು, ಪೈಪಿನಲ್ಲಿ ನೀರಿತ್ತು, ನೋಡಲಿಲ್ಲ. ಹತ್ತು ನಿಮಿಷ ಬೈದರು. ಆಮೇಲೆ ಹೊಸ ಮಿಷಿನ್ ಜೋಡಿಸಿದೆವು, ಗಾಡಿಗಳು ಸರಿದವು, ಅದೇ ಮುಖ್ಯಸ್ಥರು ಒಂದು ಲೋಟ ಕಬ್ಬಿನ ಹಾಲು ಕೊಟ್ಟರು. ಖರೆ ಹೇಳುವುದಕ್ಕೆ ಹತ್ತು ನಿಮಿಷದ ಬೈಗುಳ ಮಾತ್ರ ತಗಲುತ್ತದೆ ಎಂದು ಅವತ್ತು ಕಲಿತಿದ್ದೆ. ಕಲಿತದ್ದು ಉಳಿಯಲಿಲ್ಲ.

ಮಾಸ್ತರರು ತೀರಿಕೊಂಡ ಮೇಲೆ ಅಂಗಡಿ ಬೇರೆಯವರ ಕೈಗೆ ಹೋಯಿತು. ಮಳಲಿ ಸಾಹೇಬರು ಎಂಬ ಮ್ಯಾನೇಜರ್ ಬಂದರು. ಕೆಟ್ಟ ಮನುಷ್ಯರಲ್ಲ, ಅವಸರದ ಮನುಷ್ಯರು. ಮಾಸ್ತರರ ಕಾಲದಲ್ಲಿ ದಿನಕ್ಕೆ ನಾಲ್ಕು ಮಿಷಿನ್ ಆದರೆ ಬಹಳ ಆಯಿತು. ಮಳಲಿ ಸಾಹೇಬರಿಗೆ ಹತ್ತು ಬೇಕು. ಅವರು ಮಾಡಿದ ಮೊದಲ ಸುಧಾರಣೆ ಆ ಕಾರ್ಡನ್ನು ಒಳಗಿನಿಂದ ಹೊರಗೆ ತಂದದ್ದು.

“ನಾವ್ ಮಾಡಿದ ಕೆಲಸ ಗಿರಾಕಿಗೆ ಕಾಣಬೇಕ್ರಿ ಈರಪ್ಪನವರ. ಒಳಗ ಹಚ್ಚಿದ್ರ ಯಾರ ನೋಡ್ತಾರ?” ಎಂದರು.

ಅವರು ಹೇಳಿದ್ದೂ ಸುಳ್ಳಲ್ಲ. ಕಾರ್ಡು ಹೊರಗೆ ಬಂತು, ಬಣ್ಣದ ಅಚ್ಚಿನದು. ಅಲ್ಲಿಂದ ಎಲ್ಲವೂ ಸಲೀಸಾಯಿತು. ಮೊದಮೊದಲು ಹತ್ತರಲ್ಲಿ ಒಂದನ್ನು ಬಿಚ್ಚದೆ ಬಿಡುತ್ತಿದ್ದೆ, ಆಮೇಲೆ ಎರಡು. ಒದ್ದೆ ಅರಿವೆಯಿಂದ ಹೊರಗೆ ಒರೆಸಿದರೆ ಡಬ್ಬಿ ಫಳಫಳ ಎನ್ನುತ್ತಿತ್ತು, ಕಚೇರಿಯವರಿಗೆ ಅದೇ ಸಮಾಧಾನ. ಮೇಲೆ ಥಳಕು, ಒಳಗೆ ಹುಳುಕು. ಕೊನೆಯ ವರ್ಷಗಳಲ್ಲಿ ಕಾರ್ಡೂ ಹೋಗಿ ಮೊಬೈಲಿನಲ್ಲಿ ಫೋಟೊ ಕಳಿಸುವುದು ಬಂತು. ಡಬ್ಬಿಯ ಪಕ್ಕದಲ್ಲಿ ಬ್ರಷ್ ಹಿಡಿದು ನಿಂತ ನನ್ನ ಫೋಟೊಗಳು ಎಷ್ಟೋ ಇವೆ. ಒಂದರಲ್ಲೂ ಧೂಳು ಕಾಣುವುದಿಲ್ಲ.

ಇನ್ನು ಬೀಳಗಿ.

ಅಲ್ಲಿ ಒಂದು ಖಾಸಗಿ ಕಾಲೇಜು, ಹೆಸರು ಬೇಡ. ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳಲು ಮಹಾದೇವಿ ಎಂಬ ಹೆಣ್ಣುಮಗಳಿದ್ದಳು. ಕಾಯಂ ನೌಕರಿಯಲ್ಲ, ವರ್ಷಕ್ಕೊಮ್ಮೆ ಮುಂದುವರಿಸುವಂಥದ್ದು. ಅವಳ ತಂದೆ ಕುರಿ ಕಾಯುವವರು, ಬೀರಪ್ಪನ ಭಕ್ತರು. ಅವರ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ಸಂಬಳ ತಂದವಳು ಇವಳೇ ಮೊದಲು. ಒಮ್ಮೆ ಅವಳ ತಂದೆ ಆಫೀಸಿನ ಹೊರಗೆ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತು, ಒಳಗೆ ಟೈಪು ಮಾಡುತ್ತಿದ್ದ ಮಗಳನ್ನು ಕಿಡಕಿಯಿಂದ ನೋಡುತ್ತಿದ್ದರು. ಒಳಗೆ ಬರ್ರಿ ಎಂದರೆ “ಇಲ್ಲಿಂದ ಛಲೋ ಕಾಣ್ತಾಳ್ರಿ” ಎಂದರು.

ದಸರೆಯ ಖಂಡೇ ಪೂಜೆಗೆ ಹದಿನೈದು ದಿನ ಮೊದಲು ಆ ಕಾಲೇಜಿಗೆ ಹೋದೆ. ಅದು ಅವತ್ತಿನ ಎಂಟನೆಯ ಮಿಷಿನ್. ಸೊಂಟ ಆಗಲೇ ಕೈಕೊಟ್ಟಿತ್ತು. ಮಹಾದೇವಿಯ ಡಬ್ಬಿ ಟೇಬಲ್ಲಿನ ಕೆಳಗೆ ಮೂಲೆಯಲ್ಲಿ, ಬಗ್ಗಿ ಎಳೆಯಬೇಕು. ಹಿಂದಿನ ಸ್ಕ್ರೂ ತುಕ್ಕು ಹಿಡಿದಿತ್ತು. ಜಮಖಂಡಿ ಬಸ್ಸಿಗೆ ಹೊತ್ತಾಗಿತ್ತು. ಅವಳು ನನಗೆ ಚಹಾ ತರಿಸಿ, ನಾನು ಕೇಳದೆಯೇ ಹೇಳಿದಳು.

“ಕಾಕಾರ, ಎರಡ ತಿಂಗಳಾತು, ಒಳಗ ಗುಂಯ್ ಅಂತ ಒದರಾಕತ್ತೈತ್ರಿ. ಮ್ಯಾಲ ಕೈ ಇಟ್ರ ಬಿಸಿ ಹತ್ತತೈತಿ. ಒಂದೀಟ ನೋಡ್ರಿ.”

“ಹಳೇ ಮಿಷಿನ್ ತಂಗಿ, ಹಂಗ ಒದರತೈತಿ. ನೋಡ್ತೇನಿ.”

ನೋಡಲಿಲ್ಲ. ಅವಳು ಪ್ರಾಚಾರ್ಯರು ಕರೆದರೆಂದು ಒಳಗೆ ಹೋದಾಗ ಹೊರಗೆ ಒರೆಸಿದೆ, ಕಾರ್ಡಿಗೆ ಸಹಿ ಹಾಕಿದೆ, ಚಹಾ ಕುಡಿದು ಎದ್ದೆ. ಹಿಂದಿನ ಸಲವೂ ಅದನ್ನು ಬಿಚ್ಚಿರಲಿಲ್ಲ, ಅದರ ಹಿಂದಿನ ಸಲವೂ. ಈ ಮಾತು ಇವತ್ತಿನವರೆಗೆ ಎಲ್ಲಿಯೂ ಬರೆದಿಲ್ಲ.

ಖಂಡೇ ಪೂಜೆಯ ದಿನ ನಮ್ಮ ಕಡೆ ಆಯುಧ, ಗಾಡಿ, ಮಗ್ಗ ಎಲ್ಲಕ್ಕೂ ಪೂಜೆ. ಕಂಪ್ಯೂಟರ್ ಬಂದ ಮೇಲೆ ಅದಕ್ಕೂ. ಕುಂಕುಮ, ಹೂವು, ಕೆಲವರು ಎದುರಿಗೆ ತೆಂಗಿನಕಾಯಿ ಒಡೆದು ಕೀಬೋರ್ಡಿಗೆ ನೀರು ಕುಡಿಸುತ್ತಾರೆ. ಮಹಾದೇವಿಯ ತಂದೆ ಬೀರಪ್ಪನ ಗುಡಿಯಿಂದ ಭಂಡಾರ ತಂದುಕೊಟ್ಟಿದ್ದರು. ಭಂಡಾರ ಅಂದರೆ ಭಕ್ತರು ಹಣೆಗೆ ಹಚ್ಚಿಕೊಳ್ಳುವ, ದೇವರ ಮೇಲೆ ತೂರುವ ಅರಿಷಿಣದ ಪುಡಿ. ಮಗಳ ನೌಕರಿ ಕಾಯಂ ಆಗಲಿ ಎಂದು ಹರಸಿ ಕೊಟ್ಟದ್ದು. ಅವಳು ಒಂದು ಚಿಟಿಕೆ ಡಬ್ಬಿಯ ಮುಂದೆ ತೂರಿದಳು. ಮಿಷಿನ್ ಚಾಲೂ ಇತ್ತು, ಫ್ಯಾನು ಅದನ್ನು ಎಳೆದುಕೊಂಡಿತು.

ಐದಾರು ದಿನಕ್ಕೆ ಮಿಷಿನ್ ಸತ್ತಿತು. ವಿದ್ಯಾರ್ಥಿಗಳ ಪರೀಕ್ಷೆಯ ಅರ್ಜಿ ಕಳಿಸುವ ವಾರ ಅದು. ಇಡೀ ಕಾಲೇಜಿನ ಅರ್ಜಿಗಳು ಅದರೊಳಗೆ. ನನ್ನನ್ನು ಕರೆಸಿದರು. ಡಬ್ಬಿಯನ್ನು ಪ್ರಾಚಾರ್ಯರ ಟೇಬಲ್ಲಿನ ಮೇಲೆ ಇಟ್ಟು ಬಿಚ್ಚಿದೆ. ನನ್ನ ಹಿಂದೆ ಐದಾರು ಜನ. ಮುಚ್ಚಳ ತೆಗೆದ ಕೂಡಲೇ ಎಲ್ಲರಿಗೂ ಕಂಡದ್ದು ಹಳದಿ. ಫ್ಯಾನಿನ ರೆಕ್ಕೆಯ ಮೇಲೆ, ಜಾಳಿಗೆಯ ಮೇಲೆ ಭಂಡಾರ.

“ಏನಿದು?” ಎಂದರು ಪ್ರಾಚಾರ್ಯರು.

“ಭಂಡಾರ್ರಿ ಸರ್” ಎಂದಳು ಮಹಾದೇವಿ. ಸುಳ್ಳು ಹೇಳುವುದು ಅವಳಿಗೆ ಹೊಳೆಯಲೇ ಇಲ್ಲ. “ಪೂಜಿ ದಿನ ನಾನ ಹಾಕಿದ್ನಿ.”

ನಾನು ಫ್ಯಾನು ಎತ್ತಿದೆ. ಕೆಳಗೆ ಪಟ್ಟಿಗಳ ಮೇಲೆ ಬೆರಳಿನ ದಪ್ಪದ ಬೂದು ಕಂಬಳಿ ಕೂತಿತ್ತು. ಒಂಬತ್ತು ತಿಂಗಳ ಬೀಳಗಿಯ ಧೂಳು, ನನ್ನ ಮೂರು ಸಹಿಗಳ ಧೂಳು. ಅದರ ನೆತ್ತಿಯ ಮೇಲೆ ಮಾತ್ರ ಉಗುರಿನ ಅಂಚಿನಷ್ಟು ಹಳದಿ. ಮಿಷಿನ್ ಸತ್ತದ್ದು ಕಂಬಳಿಯಿಂದ. ಭಂಡಾರ ಬೀಳದಿದ್ದರೂ ಸಾಯುತ್ತಿತ್ತು, ವಾರ ಹಿಂದೆ ಮುಂದೆ. ನೋಡಿದ ಕೂಡಲೇ ನನಗೆ ತಿಳಿಯಿತು. ನನ್ನ ಬೆನ್ನು ಅವರ ಕಡೆಗಿತ್ತು. ಆ ಕಂಬಳಿಯನ್ನು ಇಡಿಯಾಗಿ ಎಬ್ಬಿಸಿ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

“ಇದರಿಂದನ ಸುಟ್ಟೈತೇನ್ರಿ?” ಎಂದು ಪ್ರಾಚಾರ್ಯರು ಕೇಳಿದರು.

“ಒಳಗ ಪುಡಿ ಹೋದ್ರ ಫ್ಯಾನ್ ನಿಲ್ತಾವ್ರಿ ಸರ್” ಎಂದೆ.

ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಜೀವನದಲ್ಲಿ ಹೇಳಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆಯ ಸಳಾಕೆ ಕಾಯಿಸಿ ಕೊಟ್ಟವನು ನಾನು. ಪ್ರಾಚಾರ್ಯರು ಹೊರಗಿನ ಕಾರ್ಡು ನೋಡಿದರು. ಮೂರು ವಾರ ಹಿಂದಿನ ನನ್ನ ಸಹಿ, ಬಣ್ಣದ ಅಚ್ಚಿನ ಕೆಳಗೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕಾವಿಗೆ ಒಳಗಿನ ಡಿಸ್ಕೂ ಹೋಗಿತ್ತು, ಮಹಾದೇವಿ ನಾಲ್ಕು ದಿನ ಇನ್ನೊಂದು ಮಿಷಿನ್ನಿನಲ್ಲಿ ಎಲ್ಲ ಅರ್ಜಿಗಳನ್ನು ಮೊದಲಿನಿಂದ ತುಂಬಿದಳು. ಒಂದು ಅರ್ಜಿಯೂ ತಪ್ಪಲಿಲ್ಲ. ಆ ವರ್ಷದ ಕೊನೆಗೆ ಅವಳನ್ನು ಮುಂದುವರಿಸಲಿಲ್ಲ. ಮುಂದಿನ ಸಲ ಹೋದಾಗ ಆ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು.

ಆಮೇಲೆ ಪ್ರತಿ ಮಿಷಿನ್ ಬಿಚ್ಚಿ ನೋಡಿದೆನೇ? ಹೌದು ಎಂದು ಬರೆದರೆ ಚೆಂದ ಇರುತ್ತಿತ್ತು. ಒಂದು ವರ್ಷ ಬಿಚ್ಚಿದೆ. ಆಮೇಲೆ ಮತ್ತೆ ಬಸ್ಸು, ಸೊಂಟ, ಮಳಲಿ ಸಾಹೇಬರ ಹತ್ತು. ಮನುಷ್ಯ ತನ್ನ ತಪ್ಪಿಗೂ ಒಗ್ಗಿಕೊಳ್ಳುತ್ತಾನೆ, ಅದೇ ದಣಿವಿನ ಗುಣ. ನಾನು ದಣಿದದ್ದು ಧೂಳಿನಿಂದ ಅಲ್ಲ ಎಂದು ಈಗ ಅನ್ನಿಸುತ್ತದೆ.

ಎರಡು ವರ್ಷದ ಹಿಂದೆ ಕೆಲಸ ಬಿಟ್ಟೆ. ಒಂದು ದಿನ ನನ್ನ ಹೆಂಡತಿ ಶಿವಕ್ಕ “ಈ ಚೀಲಾರ ಗುಜರಿಗೆ ಹಾಕ್ರಿ, ಮನಿ ತುಂಬ ಇದರ ವಾಸನಿ” ಎಂದು ಕೆಲಸದ ಚೀಲ ತಂದು ಮುಂದಿಟ್ಟಳು. ಬರಿದು ಮಾಡುವಾಗ ಒಳಗಿನ ಕಿಸೆಯಲ್ಲಿ ಕರವಸ್ತ್ರ ಸಿಕ್ಕಿತು. ಬಿಚ್ಚಿದೆ. ಎಂಟು ವರ್ಷವಾದರೂ ಕಂಬಳಿಯ ತುಂಡು ಹಾಗೇ ಇತ್ತು, ಕೆಳಗೆ ಬೂದು, ಮೇಲೆ ಹಳದಿ. ಬಿಸಾಡಲು ಹಿತ್ತಲಿಗೆ ಹೋದೆ. ಹೋಗಿ ಅಲ್ಲಿಯೇ ಕೂತೆ. ಶಿವಕ್ಕ ಬಂದು ಏನಾಯಿತು ಎಂದಳು. ಹೇಳಿದೆ, ಮೊದಲ ಸಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಇಷ್ಟೇ ಅಂದಳು, “ನನಗ್ಯಾಕ ಹೇಳ್ತೀರಿ? ನಂದೇನ ನೌಕರಿ ಹೋಗಿತ್ತ?”

ಮರುದಿನ ಬೀಳಗಿ ಬಸ್ಸು ಹತ್ತಿದೆ.

ಬಸ್ ಸ್ಟ್ಯಾಂಡಿನ ಹತ್ತಿರ ಮಹಾದೇವಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾಳೆ, ಅಲ್ಲಿಯೇ ಜನರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುತ್ತಾಳೆ ಎಂದು ಕೇಳಿದ್ದೆ. ನಾನು ಹೋದಾಗ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅವಳು ನೆಲದ ಮೇಲೆ ಪೇಪರ್ ಹಾಸಿಕೊಂಡು ಕೂತಿದ್ದಳು. ಎದುರಿಗೆ ಕಂಪ್ಯೂಟರಿನ ಡಬ್ಬಿ ಬಿಚ್ಚಿತ್ತು. ಒಂದು ಬೆರಳು ಫ್ಯಾನಿನ ರೆಕ್ಕೆಗೆ ಇಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ಬ್ರಷ್ಷಿನಿಂದ ಧೂಳು ಜಾಡಿಸುತ್ತಿದ್ದಳು. ಪತ್ತಾರ ಮಾಸ್ತರರು ನೋಡಿದ್ದರೆ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು.

“ಧೂಳಪ್ಪ ಕಾಕಾ ಅಲ್ರೀ? ಬರ್ರಿ ಬರ್ರಿ. ಎಷ್ಟ ಸೊರಗೀರಿ!” ಎಂದು ಎದ್ದಳು. “ಕುಂದರ್ರಿ, ಚಾ ಹೇಳ್ತೇನಿ.”

“ಚಾ ಆಮ್ಯಾಲ ತಂಗಿ. ಇದನ್ನ ನೀನ ಬಿಚ್ಚತೀಯೇನು?”

“ವಾರಕ್ಕೊಮ್ಮಿ ಬಿಚ್ಚತೇನ್ರಿ. ಒಮ್ಮಿ ಕೈ ಸುಟ್ಟಕೊಂಡಾಕಿ ಅಲ್ಲೇನ್ರಿ? ಪೂಜಿ ದಿನಾನೂ ಇದರ ಮ್ಯಾಲ ಭಂಡಾರ ಹಾಕೂದಿಲ್ಲ. ಬಾಗಲಕ್ಕ ಹಚ್ಚಿ ಕೈ ಮುಗೀತೇನಿ.”

ಮನೆಯಿಂದ ಹೊರಡುವಾಗ ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಂಡಿದ್ದೆ. ಅವನ್ನು ಬಿಟ್ಟೆ. ಕರವಸ್ತ್ರ ತೆಗೆದು ಪೇಪರಿನ ಮೇಲೆ ಬಿಚ್ಚಿಟ್ಟೆ.

“ಕಾಲೇಜಿನ ನಿನ್ನ ಮಿಷಿನ್ನಿಂದು ಇದು. ಅವತ್ತ ನಾ ತಗೊಂಡ ಹೋಗಿದ್ನಿ.”

ಅವಳು ಕೂತು ಅದನ್ನು ಬೆರಳ ತುದಿಯಲ್ಲಿ ಎತ್ತಿದಳು. ಬೆಳಕಿಗೆ ಹಿಡಿದಳು, ಅಡ್ಡ ಹೊರಳಿಸಿದಳು. ವಿವರಿಸಲು ನಾನು ಬಾಯಿ ತೆರೆದೆ, ಬೇಕಾಗಲಿಲ್ಲ. ವಾರಕ್ಕೊಮ್ಮೆ ಧೂಳು ನೋಡುವವಳು.

“ಅರಿಷಿಣ ಇಷ್ಟ ಐತಿ” ಎಂದಳು. ಬೂದು ಪದರವನ್ನು ಉಗುರಿನಿಂದ ಮುಟ್ಟಿ, “ಕೆಳಗಿಂದು ಎಷ್ಟ ತಿಂಗಳದ್ರಿ?”

“ಒಂಬತ್ತ.”

“ಕಾರ್ಡಿನ ಮ್ಯಾಲ ನಿಮ್ಮ ಸಹಿ ಇತ್ತಲ್ರಿ.”

“ಇತ್ತು. ಬಿಚ್ಚಿದ್ದಿಲ್ಲ. ಮೂರ ಸಲಾನೂ ಬಿಚ್ಚಿದ್ದಿಲ್ಲ. ತಪ್ಪ ನಂದು ತಂಗಿ.”

ಹೊರಗೆ ಬಾಗಲಕೋಟೆ ಬಸ್ಸು ಬಂದು, ಜನ ಹತ್ತಿ, ಹೋಯಿತು. ಅವಳು ಆ ತುಂಡನ್ನು ಪೇಪರಿನ ಮೇಲೆ ಮೆಲ್ಲಗೆ ಇಟ್ಟಳು.

“ನಮ್ಮಪ್ಪ ಸಾಯೂ ಮಟಾ ಅಂದ್ರಿ, ನಾ ಕೊಟ್ಟ ಭಂಡಾರ ನಿನ್ನ ನೌಕರಿ ತಿಂತವ್ವಾ ಅಂತ. ಆಸ್ಪತ್ರಿಯಾಗೂ ಅದನ್ನ ಅಂದ. ಬೀರಪ್ಪನ ಗುಡಿಗೆ ಹೋಗಿ ಮೂಗ ತಿಕ್ಕಿ ಬಂದ. ನಾನೂ ಎಂಟ ವರ್ಷ ತಪ್ಪಾತು ತಪ್ಪಾತು ಅಂದೇನ್ರಿ. ಕೇಳಿ ಕೇಳಿ ಆ ದೇವರಿಗೂ ಬ್ಯಾಸರಾಗಿರಬೇಕು.”

ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ. ನಾನು ಅಳುವುದನ್ನು ನೋಡಿ ಸಮಾಧಾನವನ್ನೂ ಹೇಳಲಿಲ್ಲ. ಚಹಾ ಹೇಳುತ್ತೇನೆ ಎಂದಿದ್ದಳಲ್ಲ, ಹೇಳಲಿಲ್ಲ. ಎದ್ದು ಫ್ಯಾನು ಕೂರಿಸಿ, ಮುಚ್ಚಳ ಹಾಕಿ, ನಾಲ್ಕೂ ಸ್ಕ್ರೂ ಬಿಗಿದು, ಡಬ್ಬಿಯನ್ನು ಟೇಬಲ್ಲಿನ ಮೇಲೆ ಇಟ್ಟು ಚಾಲೂ ಮಾಡಿದಳು. ಗೋಡೆಯಲ್ಲಿ ಅವಳ ತಂದೆಯ ಫೋಟೊ ಇತ್ತು, ಅದರ ಹಿಂದಿನಿಂದ ಒಂದು ಸಣ್ಣ ಬಟ್ಟೆಯ ಗಂಟು ತೆಗೆದಳು. ಚಿಟಿಕೆ ಭಂಡಾರ ಹಣೆಗೆ ಹಚ್ಚಿಕೊಂಡಳು. ಇನ್ನೊಂದು ಚಿಟಿಕೆಯನ್ನು ನನ್ನ ಕಣ್ಣೆದುರಿಗೇ ಡಬ್ಬಿಯ ಮುಂದೆ ತೂರಿದಳು. ಫ್ಯಾನು ಎಳೆದುಕೊಂಡಿತು.

“ಇನ್ನ ಅಮಾಸಿಗೊಮ್ಮಿ ಹಾಕ್ತೇನಿ” ಎಂದಳು. “ಮರುದಿನ ಬಂದು ತೆಗಿಯೂದು ನಿಮ್ಮ ಕೆಲಸ.”

“ಬರ್ತೇನಿ.”

“ಕಾರ್ಡ ಬೇಕ್ರಿ.”

ರಟ್ಟು ಕತ್ತರಿಸಿ ಗೆರೆ ಎಳೆದು ಕೊಟ್ಟೆ. ಎಲ್ಲಿ ಅಂಟಿಸಬೇಕು ಎಂದು ಅವಳು ಕೇಳಿದಳು. ಮಾಸ್ತರರ ಮಾತು ಹೇಳಿದೆ. ಮುಚ್ಚಳ ಮತ್ತೆ ಬಿಚ್ಚಿ ಒಳಮೈಗೆ ಅಂಟಿಸಿದೆವು.

ಈ ಕೆಲಸಕ್ಕೆ ಬರುವವರು ನನ್ನಿಂದ ಕಲಿಯುವುದು ಬಹಳ ಇಲ್ಲ. ಫ್ಯಾನಿಗೆ ಬೆರಳಿಟ್ಟು ಹಿಡಿಯಿರಿ, ಪೈಪಿನ ನೀರು ಮೊದಲು ಚೆಲ್ಲಿರಿ, ಕಾರ್ಡನ್ನು ಒಳಗೆ ಅಂಟಿಸಿರಿ. ಉಳಿದದ್ದು ಮೊಬೈಲಿನಲ್ಲಿ ಸಿಗುತ್ತದೆ. ನಾನು ಪ್ರತಿ ಅಮಾವಾಸ್ಯೆಯ ಮರುದಿನ ಬೀಳಗಿಗೆ ಹೋಗುತ್ತೇನೆ. ಹೋಗುವಾಗ ಸೊಂಟ ನೋಯುತ್ತದೆ, ಬರುವಾಗ ಇನ್ನೂ ನೋಯುತ್ತದೆ. ಮಹಾದೇವಿ ಹೆಚ್ಚು ಮಾತಾಡುವುದಿಲ್ಲ, ಚಹಾ ಇನ್ನೂ ಕೇಳಿಲ್ಲ. ನಾನು ಭಂಡಾರ ತೆಗೆದು ಮುಗಿಸಿ ಹಿಂದೆ ಸರಿದ ಮೇಲೆ ಅವಳು ಟಾರ್ಚು ಹಿಡಿದು ಬಗ್ಗಿ ಪಟ್ಟಿಗಳ ಸಂದಿಯನ್ನು ಒಂದೊಂದಾಗಿ ನೋಡುತ್ತಾಳೆ. ಅವಸರ ಮಾಡುವುದಿಲ್ಲ. ಎಲ್ಲ ನೋಡಿದ ಮೇಲೆ ನನಗೆ ಪೆನ್ನು ಕೊಡುತ್ತಾಳೆ.